ಸೋರುವ ಗಾಳಿ ಹುಡುಕಿದ ಬೇಸಿಗೆ

ಹೋದ ತಿಂಗಳು ಯೆರವಡಾದಲ್ಲಿ ನನ್ನ ಸ್ಕೂಟರಿನ ಹಿಂದಿನ ಗಾಲಿ ಪಂಕ್ಚರ್ ಆಯಿತು. ರಸ್ತೆ ಬದಿಯ ಅಂಗಡಿಯವನು ಗಾಳಿ ತುಂಬಿ ಮುಗಿಸಿದವನೇ ಪೈಪನ್ನು ಹಾಗೇ ನೆಲಕ್ಕೆ ಎಸೆದು ಇನ್ನೊಬ್ಬ ಗಿರಾಕಿಯ ಜೊತೆ ಮಾತಿಗೆ ನಿಂತ. ಪೈಪಿನ ಬಾಯಿ ಸರಿಯಾಗಿ ಮುಚ್ಚಿರಲಿಲ್ಲ. ಅದು ಸುಸ್ಸೆನ್ನುತ್ತ ಧೂಳೆಬ್ಬಿಸುತ್ತಿತ್ತು, ಮೂಲೆಯಲ್ಲಿದ್ದ ಕಂಪ್ರೆಸರು ಸುಮ್ಮನೆ ದುಡಿಯುತ್ತಿತ್ತು. "ಅಹೋ, ಆಧಿ ತೇ ಬಂದ್ ಕರಾ!" ಮೊದಲು ಅದನ್ನು ಬಂದ್ ಮಾಡಿ ಎಂದು ನಾನು ಎಷ್ಟು ಜೋರಾಗಿ ಕೂಗಿದೆನೆಂದರೆ ಪಕ್ಕದ ಚಹಾದಂಗಡಿಯವರೆಲ್ಲ ತಿರುಗಿ ನೋಡಿದರು. ಅವನು ನಕ್ಕು, "ಹವಾಚ್ ತರ್ ಆಹೇ, ಮ್ಯಾಡಂ" ಎಂದ. ಗಾಳಿ ತಾನೇ!

ಈ ಮಾತನ್ನು ಒಂದಿಡೀ ಬೇಸಿಗೆ ಕೇಳಿ ಕೇಳಿ ನನ್ನ ತಲೆ ಕೆಟ್ಟುಹೋಗಿತ್ತು. ಅದು ನಾಲ್ಕು ವರ್ಷದ ಹಿಂದೆ, ಹಡಪಸರದ ಒಂದು ಗೇರ್ ಕಾರ್ಖಾನೆಯಲ್ಲಿ.

ಕಾರ್ಖಾನೆಗಳಿಗೆ ಹೋಗಿ ವಿದ್ಯುತ್ತು ಎಲ್ಲಿ ಪೋಲಾಗುತ್ತಿದೆ ಎಂದು ಪತ್ತೆ ಹಚ್ಚುವುದು ನನ್ನ ಕೆಲಸ. ಧಾರವಾಡದಲ್ಲಿ ಇಂಜಿನಿಯರಿಂಗ್ ಓದಿದೆ, ಮದುವೆಯಾಗಿ ಪುಣೆಗೆ ಬಂದೆ, ನಿಗಡಿಯ ಮನೆಗೆ ಹತ್ತಿರವಿದೆ ಎಂಬ ಒಂದೇ ಕಾರಣಕ್ಕೆ ಈ ಸಣ್ಣ ಕಚೇರಿಗೆ ಸೇರಿದೆ. ಸೇರಿದ ಮೇಲೆ ಗೊತ್ತಾಯಿತು, ಕಚೇರಿ ಮಾತ್ರ ಹತ್ತಿರ, ಕೆಲಸವೆಲ್ಲ ಊರಿನ ಆ ತುದಿಯಲ್ಲಿ. ನಿಗಡಿಯಿಂದ ಹಡಪಸರಕ್ಕೆ ದಿನವೂ ಪುಣೆಯನ್ನು ಅಡ್ಡಕ್ಕೆ ಸೀಳಿಕೊಂಡು ಹೋಗಬೇಕು. ಜಗತ್ತಿನಲ್ಲಿ ಇಂಧನ ಉಳಿಸುವ ಬಗ್ಗೆ ವರದಿ ಬರೆಯಲು ನಾನು ಒಂದು ಕಾರಿನಲ್ಲಿ ಒಬ್ಬಳೇ ಕುಳಿತು, ಸಿಗ್ನಲ್ಲುಗಳಲ್ಲಿ ಇಂಜಿನ್ ಚಾಲೂ ಇಟ್ಟುಕೊಂಡು, ಎರಡು ತಾಸು ಹೊಗೆ ಬಿಡುತ್ತ ಹೋಗುತ್ತಿದ್ದೆ.

ಮಾಲೀಕರ ಹೆಸರು ಪಾಟಣಕರ್. ಐವತ್ತೈದು ದಾಟಿದ ಚುರುಕು ಮನುಷ್ಯ. ತಂದೆ ಎರಡು ಯಂತ್ರ ಇಟ್ಟುಕೊಂಡು ಶುರು ಮಾಡಿದ ಶೆಡ್ಡನ್ನು ಇವರು ನೂರಕ್ಕೂ ಹೆಚ್ಚು ಜನ ದುಡಿಯುವ ಕಾರ್ಖಾನೆ ಮಾಡಿದ್ದರು. ಅವರ ಗೇರುಗಳನ್ನು ಕೊಳ್ಳುತ್ತಿದ್ದ ಹೊರದೇಶದ ಕಂಪನಿಯೊಂದು ಹೊಸದಾಗಿ ಷರತ್ತು ಹಾಕಿತ್ತು: ಒಂದೊಂದು ಗೇರಿಗೆ ಖರ್ಚಾಗುವ ವಿದ್ಯುತ್ತನ್ನು ಐದರಲ್ಲಿ ಒಂದು ಪಾಲು ಇಳಿಸಿ ತೋರಿಸಬೇಕು, ತೋರಿಸಿದರೆ ಮುಂದಿನ ವರ್ಷ ದೊಡ್ಡ ಆರ್ಡರು, ಇಲ್ಲವಾದರೆ ಇದ್ದದ್ದೂ ಬೇರೆ ದೇಶಕ್ಕೆ.

ಮೊದಲ ದಿನ ಪಾಟಣಕರ್ ತಮ್ಮ ಕೋಣೆಯಲ್ಲಿ ಕೂರಿಸಿ ಮರಾಠಿಯಲ್ಲಿ ಹೇಳಿದರು: "ಮ್ಯಾಡಂ, ರಿಪೋರ್ಟ್ ಮಾತ್ರ ಏಕದಂ ಝಕಾಸ್ ಬರಬೇಕು. ಬಣ್ಣದ ಗ್ರಾಫ್ ಹಾಕಿ. ಅವರಿಗೆ ಗ್ರಾಫ್ ಅಂದರೆ ಪ್ರೀತಿ."

"ರಿಪೋರ್ಟ್ ಬರಬೇಕಾದರೆ ಮೊದಲು ಕರೆಂಟು ಇಳಿಯಬೇಕಲ್ಲ ಸರ್," ಎಂದೆ.

"ಅದೂ ಇಳಿಯುತ್ತೆ, ಇಳಿಯುತ್ತೆ," ಎಂದು ಕೈ ಆಡಿಸಿದರು. ಫೆಬ್ರವರಿಯ ಹಿತವಾದ ಬೆಳಗ್ಗೆ ಅದು. ಕೋಣೆಯ ಎ.ಸಿ. ಹದಿನೆಂಟಕ್ಕಿತ್ತು, ಬಾಗಿಲು ತೆರೆದೇ ಇತ್ತು. ನನ್ನ ಸಿಟ್ಟು ಅವತ್ತೇ ಶುರುವಾಯಿತು.

ಕೋಣೆಯಿಂದ ಇಳಿದು ಶೆಡ್ಡಿಗೆ ಹೋದರೆ ಬೇರೆಯೇ ಲೋಕ. ಅಲ್ಲಿ ಗೇರುಗಳನ್ನು ಕೆಂಪಗೆ ಕಾಯಿಸಿ, ಎಣ್ಣೆಯ ತೊಟ್ಟಿಗೆ ಮುಳುಗಿಸಿ ಗಟ್ಟಿ ಮಾಡುತ್ತಾರೆ. ಕಾಯಿಸುವುದಕ್ಕೆ ಮೂರು ದೊಡ್ಡ ವಿದ್ಯುತ್ ಕುಲುಮೆಗಳು. ಅಲ್ಲಿನವರು ಅವನ್ನು ಭಟ್ಟಿ ಎನ್ನುತ್ತಾರೆ. ಬಾಗಿಲು ತೆಗೆದು, ಉದ್ದನೆಯ ಕೊಕ್ಕೆಯಿಂದ ಗೇರು ತುಂಬಿದ ಮೂರು ಟ್ರೇಗಳನ್ನು ಒಂದೊಂದಾಗಿ ಹೊರಕ್ಕೆಳೆದು, ಎಣ್ಣೆಗೆ ಇಳಿಸಿ, ಮತ್ತೆ ಹೊಸ ಟ್ರೇ ತಳ್ಳಿ ಬಾಗಿಲು ಹಾಕಬೇಕು. ಸುಟ್ಟ ಎಣ್ಣೆಯ ವಾಸನೆ ಕೂದಲಿಗೆ ಹತ್ತಿದರೆ ಎರಡು ದಿನ ಹೋಗುವುದಿಲ್ಲ.

ಎರಡನೇ ಭಟ್ಟಿಯ ಮುಂದೆ ನಿಂತು ನಾನು ಮೀಟರಿನ ಅಂಕಿಗಳನ್ನು ನನಗೆ ನಾನೇ ಕನ್ನಡದಲ್ಲಿ ಓದಿಕೊಳ್ಳುತ್ತಿದ್ದೆ. ಎಣಿಸುವುದು ನನಗೆ ಇವತ್ತಿಗೂ ಕನ್ನಡದಲ್ಲೇ ಬರುವುದು. ಕೊಕ್ಕೆ ಹಿಡಿದು ನಿಂತಿದ್ದ ಆಳು ಮುಖಕ್ಕೆ ಕಟ್ಟಿದ್ದ ಬಟ್ಟೆ ಸರಿಸಿ ಕೇಳಿದ:

"ನೀವು ನಮ್ ಕಡೀಯವ್ರೇನ್ರೀ?"

"ಧಾರವಾಡದಾಕಿ. ನೀವು?"

"ಸುರಪುರದ ಕಡಿ ಹಳ್ಳಿ ಅದರಿ ನಮ್ದು. ಶರಣಪ್ಪ ಅಂತ್ರೀ. ಇಲ್ಲಿ ಬಂದು ಹನ್ನೊಂದು ವರ್ಷ ಆತು. ಮೊದಲ ಗ್ವಾಡಿಗಿ ಗಿಲಾವ ಮಾಡೂ ಕೆಲಸಕ್ಕ ಹೋಗತಿದ್ದೆ, ಆಮ್ಯಾಲ ಈ ಭಟ್ಟಿಗಿ ಬಂದೆ."

ಶರಣಪ್ಪ ನಲವತ್ತರ ಒಳಗಿನವನು, ತೆಳ್ಳಗೆ, ಮೊಣಕೈವರೆಗೂ ಸಣ್ಣ ಸಣ್ಣ ಸುಟ್ಟ ಕಲೆಗಳು. ಹೆಂಡತಿ ನಾಗಮ್ಮನ ಜೊತೆ ಯೆರವಡಾದ ಕೂಲಿಕಾರರ ವಸ್ತಿಯಲ್ಲಿ ಮನೆ ಮಾಡಿಕೊಂಡಿದ್ದ. ನನ್ನ ಉಪಕರಣಗಳ ಪೆಟ್ಟಿಗೆಯನ್ನು ನೋಡಿ, ನಾನು ಏನು ಮಾಡಲು ಬಂದವಳೆಂದು ಕೇಳಿ ತಿಳಿದುಕೊಂಡು, ಅರ್ಧ ನಿಮಿಷ ಯೋಚಿಸಿ ಹೇಳಿದ:

"ಹಂಗಾರ ಈ ಬಾಗಿಲ ನೋಡ್ರಿ ಮೇಡಂ. ಸುತ್ತ ಹಗ್ಗ ಇರ್ತದಲ್ರೀ, ಬೆಂಕಿ ಹೊರಗ ಬರಲಾರ್ದಂಗ, ಅದು ತಿಂದು ಹೋಗ್ಯದ. ದೀಪಾವಳಿಯಿಂದ ಹೇಳ್ಲಕತ್ತೀನಿ, ತರಸ್ರಿ ಅಂತ. ಯಾರೂ ತರಸ್ವಲ್ಲರು. ಒಳಗಿನ ಕಾವು ಅರ್ಧ ನನ್ನ ಹೊಟ್ಟಿಗೇ ಹೊಡಿತದ."

ನಾನು ಶಾಖ ಅಳೆಯುವ ಕ್ಯಾಮೆರಾ ಹಿಡಿದೆ. ಬಾಗಿಲಿನ ಸುತ್ತ ಬಿಳಿಯ ಗೆರೆ ಹೊಳೆಯಿತು. ಅವನು ಹೇಳಿದ್ದು ಅಕ್ಷರಶಃ ನಿಜ. ವಾರಗಟ್ಟಲೆ ಅಳೆದು ನಾನು ಕಂಡುಹಿಡಿಯಬೇಕಾದ್ದನ್ನು ಅವನು ನಿಂತಲ್ಲೇ ಹೇಳಿದ್ದ. ಮೂರನೇ ಭಟ್ಟಿಯ ಗೋಡೆಯೊಳಗಿನ ಹೊದಿಕೆ ಕುಸಿದಿದೆ ಎಂದೂ, ಒಂದನೇ ಭಟ್ಟಿಯನ್ನು ಊಟದ ಹೊತ್ತಿನಲ್ಲಿ ಖಾಲಿ ಉರಿಸುತ್ತಾರೆ ಎಂದೂ ಅವನೇ ತೋರಿಸಿಕೊಟ್ಟ. ನಾನು ಎಲ್ಲವನ್ನೂ ಬರೆದುಕೊಂಡೆ. ನನ್ನ ಕಾಗದಕ್ಕೆ ಇಷ್ಟೊಂದು ಸರಾಗವಾಗಿ ವಿಷಯ ಸಿಕ್ಕಿದ್ದು ಅದೇ ಮೊದಲು.

ಮಾರ್ಚಿನ ಒಂದು ಗುರುವಾರ, ಕಾರ್ಖಾನೆಗೆ ವಾರದ ರಜೆ ಇದ್ದಾಗ, ಸೋರುವ ಗಾಳಿ ಹುಡುಕಲು ಹೋದೆ. ಕಾರ್ಖಾನೆಯ ಮೂಲೆ ಮೂಲೆಗೂ ಒತ್ತಿದ ಗಾಳಿಯ ಪೈಪುಗಳು ಓಡುತ್ತವೆ, ಯಂತ್ರಗಳ ಹಿಡಿತ ಬಿಗಿಯಲು, ಚೂರು ಊದಿ ತೆಗೆಯಲು. ಆ ಗಾಳಿ ತುಂಬುವ ಕಂಪ್ರೆಸರು ತಿನ್ನುವ ವಿದ್ಯುತ್ತು ಸಣ್ಣದಲ್ಲ. ಯಂತ್ರಗಳೆಲ್ಲ ನಿಂತ ದಿನ ಕಂಪ್ರೆಸರೊಂದನ್ನೇ ಚಾಲೂ ಮಾಡಿದರೆ, ಸೋರುವುದೆಲ್ಲ ಕಿವಿಗೆ ಕೇಳುತ್ತದೆ. ನಿರ್ವಹಣೆ ನೋಡಿಕೊಳ್ಳುತ್ತಿದ್ದ ಕದಂ ಎಂಬವರು ಸಾಬೂನು ನೀರಿನ ಬಾಟಲಿ ಹಿಡಿದು ಜೊತೆಗೆ ಬಂದರು. ಶೆಡ್ಡಿನ ತುಂಬ ಸುಸ್ ಸುಸ್ ಎಂಬ ಸದ್ದು. ಒಂದೊಂದು ಜೋಡಣೆಗೂ ನೀರು ಹಾಕಿದರೆ ಗುಳ್ಳೆ ಏಳುತ್ತಿತ್ತು. ಗುಳ್ಳೆ ಎದ್ದಲ್ಲೆಲ್ಲ ನಾನು ಕೆಂಪು ಚೀಟಿ ಕಟ್ಟಿದೆ.

"ಮ್ಯಾಡಂ, ಇಷ್ಟೆಲ್ಲ ಯಾಕೆ? ಗಾಳಿ ತಾನೇ," ಎಂದರು ಕದಂ, ಹತ್ತನೇ ಚೀಟಿಗೆ.

"ಇದು ಗಾಳಿ ಅಲ್ಲ ಕದಂ, ಕರೆಂಟು. ನೀವು ಕರೆಂಟನ್ನು ಕಿಟಕಿಯಿಂದ ಹೊರಗೆ ಸುರಿಯುತ್ತಿದ್ದೀರಿ."

ಮೂವತ್ತನೇ ಚೀಟಿಗೆ ಮತ್ತೆ ಅದೇ ಮಾತು. ಐವತ್ತಕ್ಕೆ ನಾನು ಉತ್ತರ ಕೊಡುವುದು ಬಿಟ್ಟೆ.

ಭಟ್ಟಿಗಳ ಹತ್ತಿರ ಬಂದಾಗ ಕಂಡದ್ದು ಬೇರೆ ಥರದ್ದು. ಮೂರೂ ಭಟ್ಟಿಗಳ ಪಕ್ಕದಲ್ಲಿ ಯಾರೋ ಪೈಪಿಗೆ ತೂತು ಕೊರೆದು ತಾಮ್ರದ ಸಣ್ಣ ನಳಿಗೆಗಳನ್ನು ಕೂರಿಸಿದ್ದರು. ಅವುಗಳ ತುದಿ ಚಪ್ಪಟೆ ಮಾಡಿ, ತಂತಿಯಿಂದ ಕಂಬಕ್ಕೆ ಬಿಗಿದಿದ್ದರು. ಕೆಲವು ಎದೆಯೆತ್ತರಕ್ಕೆ, ಕೆಲವು ಮುಖದೆತ್ತರಕ್ಕೆ. ಒಟ್ಟು ಎಂಟು. ಎಂಟೂ ಧಾರಾಳವಾಗಿ ಗಾಳಿ ಊದುತ್ತಿದ್ದವು.

"ಇದೇನು?"

"ಅದಾ? ಅವರ ಫ್ಯಾನು," ಎಂದು ಕದಂ ನಕ್ಕರು. "ಭಟ್ಟಿ ಮುಂದೆ ನಿಲ್ಲೋರು ಮಾಡ್ಕೊಂಡಿದ್ದು. ಸಾಹೇಬರಿಗೆ ಗೊತ್ತಿಲ್ಲ."

ಅಳೆದು ನೋಡಿದರೆ ಇಡೀ ಕಾರ್ಖಾನೆಯ ಸೋರಿಕೆಯಲ್ಲಿ ದೊಡ್ಡ ಪಾಲು ಆ ಎಂಟು ನಳಿಗೆಗಳದ್ದೇ. ಒಂದು ಸಾದಾ ಫ್ಯಾನು ಮಾಡುವ ಕೆಲಸಕ್ಕೆ ಅದರ ಎಷ್ಟೋ ಪಟ್ಟು ವಿದ್ಯುತ್ತು! ಇಂಜಿನಿಯರ್ ಆದವಳಿಗೆ ಇದನ್ನು ನೋಡಿ ಹೊಟ್ಟೆ ಉರಿಯದೆ ಇರದು. ಎಂಟಕ್ಕೂ ಕೆಂಪು ಚೀಟಿ ಕಟ್ಟಿದೆ.

ಈಗ ನನ್ನ ತಪ್ಪು ಹೇಳುತ್ತೇನೆ. ನಮ್ಮ ವರದಿಗಳಲ್ಲಿ ಎರಡು ಪಟ್ಟಿ ಇರುವುದು ರೂಢಿ. ಮೊದಲನೆಯದು ಖರ್ಚಿಲ್ಲದೆ ಆಗುವ ಕೆಲಸಗಳು, ಎರಡನೆಯದು ಖರ್ಚು ಬೇಡುವ ಕೆಲಸಗಳು. ನಾನು "ನಳಿಗೆಗಳನ್ನು ಕಿತ್ತು ತೂತು ಮುಚ್ಚುವುದು" ಎಂಬುದನ್ನು ಮೊದಲ ಪಟ್ಟಿಯಲ್ಲಿ ಬರೆದೆ. "ಭಟ್ಟಿಗಳ ಮುಂದೆ ಎಂಟು ದೊಡ್ಡ ಫ್ಯಾನುಗಳು, ಚಾವಣಿಯಲ್ಲಿ ಬಿಸಿಗಾಳಿ ಹೊರಹೋಗುವ ಕಿಂಡಿಗಳು, ಬಾಗಿಲಿಗೆ ಹೊಸ ಹಗ್ಗ, ಗೋಡೆಗೆ ಹೊಸ ಹೊದಿಕೆ" ಎಂಬುದನ್ನು ಎರಡನೆಯದರಲ್ಲಿ ಬರೆದೆ. ಎರಡೂ ಒಟ್ಟಿಗೇ ಆಗುತ್ತವೆ ಎಂದು ನಂಬಿದ್ದೆ. ಹದಿನೈದು ವರ್ಷ ಈ ಕೆಲಸ ಮಾಡಿದವಳಿಗೆ ಅಷ್ಟೂ ಬುದ್ಧಿ ಇರಲಿಲ್ಲ.

ಪಾಟಣಕರ್ ವರದಿಯ ಮೊದಲ ಪಟ್ಟಿಯನ್ನು ಓದಿ ಸಂತೋಷಪಟ್ಟರು. ಎರಡನೆಯದನ್ನು ಮಡಚಿ ಡ್ರಾಯರಿಗೆ ಹಾಕಿದರು. "ಒಂದೊಂದೇ ಮಾಡೋಣ, ಮ್ಯಾಡಂ. ಮೊದಲು ಸುಲಭದ್ದು."

ಏಪ್ರಿಲ್ ಮೊದಲ ಗುರುವಾರ ಕದಂ ಎಂಟೂ ನಳಿಗೆಗಳನ್ನು ಕತ್ತರಿಸಿ ತೂತುಗಳಿಗೆ ಬಿರಡೆ ಹಾಕಿದರು. ಶುಕ್ರವಾರ ನಾನು ಹೋದಾಗ ಶೆಡ್ಡು ಎಂದಿಲ್ಲದಷ್ಟು ನಿಶ್ಶಬ್ದವಾಗಿತ್ತು. ಕಂಪ್ರೆಸರಿನ ಮೀಟರು ಚೆನ್ನಾಗಿ ಇಳಿದಿತ್ತು. ನಾನು ಖುಷಿಯಿಂದ ಅಂಕಿ ಬರೆದುಕೊಳ್ಳುತ್ತಿರುವಾಗ ಶರಣಪ್ಪ ಬಂದ. ಅಷ್ಟು ಹೊತ್ತಿಗಾಗಲೇ ಅವನು ನನ್ನನ್ನು ಮೇಡಂ ಅನ್ನುವುದು ಬಿಟ್ಟು ಅಕ್ಕಾರ ಅನ್ನತೊಡಗಿದ್ದ.

"ಅಕ್ಕಾರ, ನಿಮ್ ಕೆಂಪು ಚೀಟಿ ನಮ್ ಗಾಳಿ ಕಸಗೊಂಡು ಹೋತಲ್ರೀ."

"ಫ್ಯಾನ್ ಬರತಾವ ಶರಣಪ್ಪ. ನಾನ ಬರದೀನಿ. ಭಾಳ ದಿನ ಆಗೂದಿಲ್ಲ."

"ಬರದೀರಿ ಖರೆ," ಎಂದ ಅವನು, ಸಿಟ್ಟಿಲ್ಲದೆ. "ನಾ ಹಗ್ಗಕ್ಕ ಹೇಳೀನಲ್ರೀ, ದೀಪಾವಳಿಯಿಂದ."

ಆ ಏಪ್ರಿಲ್ಲಿನಲ್ಲಿ ಪುಣೆ ಕಾದ ಹಂಚಿನಂತಿತ್ತು. ಮಧ್ಯಾಹ್ನ ಹಡಪಸರದ ರಸ್ತೆಯಲ್ಲಿ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ಶೆಡ್ಡಿನ ತಗಡಿನ ಚಾವಣಿ ಮೇಲಿನಿಂದ ಕಾಯಿಸಿದರೆ ಭಟ್ಟಿ ಮುಂದಿನಿಂದ. ನಾನು ದಿನಬಿಟ್ಟು ದಿನ ಪಾಟಣಕರ್ ಕೋಣೆಗೆ ಹೋಗಿ ಫ್ಯಾನು ಎಲ್ಲಿ ಎಂದು ಕೇಳುತ್ತಿದ್ದೆ. ಮೊದಲು ಖರೀದಿ ವಿಭಾಗದವರು ರಜೆಯಲ್ಲಿದ್ದಾರೆ ಎಂದರು. ಆಮೇಲೆ ಮೂರು ಕಡೆಯಿಂದ ದರಪಟ್ಟಿ ಬರಬೇಕು ಎಂದರು. ಎರಡು ಬಂದವು, ಮೂರನೆಯದು ಬರಲಿಲ್ಲ. ಮೂರನೆಯದು ಬಂದಾಗ ಮೊದಲನೆಯದರ ಅವಧಿ ಮುಗಿದಿತ್ತು! ಒಂದು ದಿನ ತಡೆಯಲಾರದೆ, "ನಾನೇ ಹೋಗಿ ತಂದು ಕೊಡಲೇ ಸರ್?" ಎಂದು ಕೇಳಿದೆ.

ಪಾಟಣಕರ್ ಮುಖ ಗಂಭೀರವಾಯಿತು. "ಮ್ಯಾಡಂ, ನೀವು ಮೂರ್ನಾಲ್ಕು ತಿಂಗಳು ಬಂದು ಹೋಗೋರು. ನಾನು ಇಲ್ಲೇ ಇರಬೇಕು. ಆ ಕಡೆ ಕಂಪನಿಯವರು ಕರೆಂಟು ಇಳಿಸು ಅಂತಾರೆ, ಅದೇ ಉಸಿರಿನಲ್ಲಿ ಮಾಲು ಜಾಸ್ತಿ ಕಳಿಸು ಅಂತಾರೆ. ಅವರ ದೇಶದಲ್ಲಿ ಭಟ್ಟಿ ಹಚ್ಚೋದನ್ನ ಬಿಟ್ಟು ನಮ್ಮ ಕೈಲಿ ಹಚ್ಚಿಸಿ, ಈಗ ಹೊಗೆ ಎಷ್ಟು ಬಂತು ಅಂತ ನನ್ನ ಕೇಳ್ತಾರೆ. ಆರ್ಡರು ತಪ್ಪಿದರೆ ಇಷ್ಟು ಜನರನ್ನ ಎಲ್ಲಿಗೆ ಕಳಿಸಲಿ?"

ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೂ ಎಂಟು ಫ್ಯಾನಿಗೂ ಆ ದೇಶಕ್ಕೂ ಏನು ಸಂಬಂಧ ಎಂದು ಮೆಟ್ಟಿಲಿಳಿಯುತ್ತ ಹಲ್ಲು ಕಡಿದೆ.

ಈ ನಡುವೆ ನನಗೆ ತಲೆಬುಡ ತಿಳಿಯದ ಒಂದು ಸಂಗತಿ ಆಗುತ್ತಿತ್ತು. ಕಂಪ್ರೆಸರಿನ ವಿದ್ಯುತ್ತು ಇಳಿದಿತ್ತು, ಆದರೆ ಭಟ್ಟಿಗಳ ವಿದ್ಯುತ್ತು ಏರುತ್ತಿತ್ತು. ಗೇರಿಗೆ ಇಷ್ಟು ಎಂಬ ಲೆಕ್ಕ ಮೊದಲು ಇದ್ದಲ್ಲಿಗೇ ಬಂದು ನಿಂತಿತ್ತು, ಕೆಲವು ದಿನ ಅದಕ್ಕಿಂತ ಮೇಲೆ. ಮೀಟರು ಕೆಟ್ಟಿದೆ ಎಂದು ಬದಲಿಸಿದೆ. ಹೊಸ ಮೀಟರೂ ಅದನ್ನೇ ಹೇಳಿತು. ಕೊನೆಗೆ ಒಂದು ಮಧ್ಯಾಹ್ನ ಭಟ್ಟಿಯ ಎದುರು ಕುರ್ಚಿ ಹಾಕಿಕೊಂಡು ಕುಳಿತೆ. ಕುಳಿತ ಹತ್ತು ನಿಮಿಷಕ್ಕೆ ನನ್ನ ಕುರ್ತಾ ಬೆನ್ನಿಗೆ ಅಂಟಿತು. ಶರಣಪ್ಪ ಬಾಗಿಲು ತೆಗೆದ, ಒಂದು ಟ್ರೇ ಎಳೆದ, ಎಣ್ಣೆಗೆ ಇಳಿಸಿದ, ಕೊಕ್ಕೆಯನ್ನು ಗೋಡೆಗೆ ಒರಗಿಸಿ ಹೊರಗೆ ನೀರಿನ ಡ್ರಮ್ಮಿನ ಹತ್ತಿರ ಹೋಗಿ ತಲೆಗೆ ನೀರು ಹಾಕಿಕೊಂಡು ಬಂದ. ಅಷ್ಟು ಹೊತ್ತೂ ಭಟ್ಟಿಯ ಬಾಗಿಲು ತೆರೆದೇ ಇತ್ತು. ಎರಡನೇ ಟ್ರೇ, ಮತ್ತೆ ಡ್ರಮ್ಮು. ಪಕ್ಕದ ಭಟ್ಟಿಯವನೂ ಹಾಗೆಯೇ. ಮೊದಲು ಒಂದೇ ಸಮನೆ ಮೂರು ಟ್ರೇ ತೆಗೆದು ಬಾಗಿಲು ಮುಚ್ಚುತ್ತಿದ್ದವರಿಗೆ ಈಗ ಒಂದಕ್ಕಿಂತ ಹೆಚ್ಚು ಆಗುತ್ತಿರಲಿಲ್ಲ. ಆ ತಾಮ್ರದ ನಳಿಗೆಗಳು ಊದುತ್ತಿದ್ದ ಗಾಳಿ ಎಷ್ಟು ವಿದ್ಯುತ್ತು ತಿನ್ನುತ್ತಿತ್ತೋ, ಅಷ್ಟನ್ನೂ ತೆರೆದ ಬಾಗಿಲು ಈಗ ಹೊರಗೆ ಚೆಲ್ಲುತ್ತಿತ್ತು.

ಇದನ್ನು ಬರೆದು ಪಾಟಣಕರ್‌ಗೆ ಕಳಿಸಿದೆ. ಓದಿದರೋ ಇಲ್ಲವೋ. ಕದಂ ಮಾತ್ರ ಕೆಳಗೆ ಹೋಗಿ, "ಬಾಗಿಲು ತೆರೆದಿಟ್ಟು ಹೊರಗೆ ಹೋಗಬಾರದು ಅಂತ ಸಾಹೇಬರ ಆರ್ಡರು" ಎಂದು ಬೋರ್ಡು ಬರೆಸಿ ಹಾಕಿದರು! ನಾನು ಬೋರ್ಡಿನ ಮುಂದೆ ನಿಂತು ಅಳಬೇಕೋ ನಗಬೇಕೋ ತಿಳಿಯದೆ ಹೋದೆ.

ಬೋರ್ಡು ಬಂದ ಮೂರನೇ ದಿನ, ಮಧ್ಯಾಹ್ನ ಎರಡೂವರೆ ಹೊತ್ತಿಗೆ, ನಾನು ಕಂಪ್ರೆಸರಿನ ಹತ್ತಿರ ಇದ್ದೆ. ಕಬ್ಬಿಣ ಬಿದ್ದ ಸದ್ದಾಯಿತು. ಹೋಗಿ ನೋಡಿದರೆ ಎರಡನೇ ಭಟ್ಟಿಯ ಬಾಗಿಲು ತೆರೆದಿತ್ತು, ಕೆಂಪು ಟ್ರೇ ಅರ್ಧ ಒಳಗೆ ಅರ್ಧ ಹೊರಗೆ ನಿಂತಿತ್ತು, ಶರಣಪ್ಪ ಕೆಳಗೆ ಬಿದ್ದಿದ್ದ. ಪುಣ್ಯಕ್ಕೆ ಹಿಂದಕ್ಕೆ ಬಿದ್ದಿದ್ದ. ಮೈ ಒಣಗಿ ಕೆಂಡದಂತೆ ಸುಡುತ್ತಿತ್ತು, ಒಂದು ಹನಿ ಬೆವರಿರಲಿಲ್ಲ. ಹೆಸರು ಹಿಡಿದು ಕೂಗಿದರೆ ಅವನು ಕಣ್ಣು ತೆರೆದು ನನ್ನನ್ನು ಯಾರೋ ಎಂಬಂತೆ ನೋಡಿ, "ಎತ್ತು ಬಿಟ್ಟು ಬರ್ತೀನಿ ತಡಿ" ಎಂದ.

ನಾವು ಅವನನ್ನು ಹೊರಗೆ ಹೊತ್ತು ತಂದು ಡ್ರಮ್ಮಿನ ನೀರೆಲ್ಲ ಸುರಿದೆವು. ಕದಂ ಅಂಗಿ ಬಿಚ್ಚಿ ಒದ್ದೆ ಮಾಡಿ ಅವನ ಎದೆಯ ಮೇಲೆ ಹಾಕಿದರು. ಪಾಟಣಕರ್ ತಾವೇ ಓಡಿಬಂದು ಕಾರು ತೆಗೆದರು. ಹಿಂದಿನ ಸೀಟಿನಲ್ಲಿ ಅವನ ತಲೆ ನನ್ನ ತೊಡೆಯ ಮೇಲಿತ್ತು. ದಾರಿಯುದ್ದಕ್ಕೂ ನಾನು ಕನ್ನಡದಲ್ಲಿ ಏನೇನೋ ಮಾತಾಡುತ್ತ ಹೋದೆ, ಅವನು ಎಚ್ಚರ ತಪ್ಪದಿರಲಿ ಎಂದು.

ಆಸ್ಪತ್ರೆಯಲ್ಲಿ ಮಂಜುಗಡ್ಡೆ ಇಟ್ಟು, ಸಲೈನ್ ಹಚ್ಚಿದರು. ಐದು ಗಂಟೆ ಹೊತ್ತಿಗೆ ನಾಗಮ್ಮ ಬಂದಳು. ಕಟ್ಟಡದ ಕೆಲಸದಿಂದ ನೇರ ಬಂದವಳು, ಸೀರೆಯ ಮೇಲೆ ತೊಟ್ಟ ಗಂಡಸರ ಅಂಗಿಯ ತುಂಬ ಸಿಮೆಂಟು. ಗಂಡನನ್ನು ನೋಡಿ ಹೊರಗೆ ಬಂದು ನನ್ನ ಪಕ್ಕದ ಬೆಂಚಿನ ಮೇಲೆ ಕುಳಿತಳು. ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು:

"ಗಾಳಿ ಬಂದ್ ಮಾಡಿಸ್ದಾಕಿ ನೀವೇ ಏನ್ರೀ ಅಕ್ಕಾರ?"

"ಹೌದವ್ವ. ನಾನ."

ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಹಗುರವಾಗುತ್ತಿತ್ತು. ಅವಳು ಅಂಗಿಯ ತೋಳಿನ ಸಿಮೆಂಟನ್ನು ಉಗುರಿನಿಂದ ಕೆರೆಯುತ್ತ, "ನಿಮ್ ಸುದ್ದಿ ಭಾಳ ಹೇಳ್ತಿದ್ರು. ನಮ್ ಮಾತು ಆಡೋ ಮೇಡಂ ಬಂದಾರ, ಎಲ್ಲ ಸರಿ ಮಾಡ್ತಾರ ಅಂತ," ಎಂದಳು. ನಾನು ಎದ್ದು ಹೋಗಿ ಅವಳಿಗೆ ಚಹಾ ತಂದುಕೊಟ್ಟೆ. ಪಾಟಣಕರ್ ಸಂಜೆ ಎಳನೀರು ಹಿಡಿದು ಬಂದು, ಬಾಗಿಲಲ್ಲೇ ನಿಂತು, ನಾಗಮ್ಮನಿಗೆ ಮರಾಠಿಯಲ್ಲಿ ಸಮಾಧಾನ ಹೇಳಿ ಹೋದರು. ಅವರ ಕಣ್ಣೂ ತೇವವಾಗಿತ್ತು.

ಕಣ್ಣೊರೆಸಿಕೊಂಡು ಹೋದ ಮನುಷ್ಯ ಮರುದಿನ ಫ್ಯಾನು ತರಿಸುತ್ತಾರೆ ಎಂದುಕೊಂಡಿದ್ದೆ. ಮರುದಿನ ಹೋಗಿ ಕೇಳಿದರೆ, "ಪ್ರೊಸೆಸ್‌ನಲ್ಲಿದೆ, ಮ್ಯಾಡಂ" ಎಂದರು.

ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು. ಅವರ ಮೇಜಿನ ಮೇಲೆ ಹಿಂದಿನ ದಿನದ ಗ್ರಾಫ್ ಹರಡಿದೆ. ಬಣ್ಣದ್ದು. "ನಿಮಗೆ ಬೇಕಾಗಿದ್ದದ್ದು ಇದೇ ಅಲ್ಲವೇ? ನೋಡಿ. ಎರಡೂವರೆಗೆ ಇಲ್ಲಿ ಗೆರೆ ಮೇಲಕ್ಕೆ ಹೋಗಿದೆ. ಶರಣಪ್ಪ ಬಿದ್ದ ಹೊತ್ತು. ಬಾಗಿಲು ಮುಚ್ಚುವವರಿಲ್ಲದೆ ಭಟ್ಟಿ ಇಪ್ಪತ್ತು ನಿಮಿಷ ತೆರೆದು ನಿಂತಿತ್ತು. ಒಳಗಿದ್ದ ಗೇರುಗಳೆಲ್ಲ ಹಾಳು. ಮತ್ತೆ ಕಾಯಿಸಲೂ ಬರುವುದಿಲ್ಲ. ಒಂದು ಮಧ್ಯಾಹ್ನ ಹಾಳಾದ ಈ ಮಾಲಿಗೆ ಸುರಿದ ಕರೆಂಟು, ನಾನು ಒಂದು ತಿಂಗಳು ಸೋರಿಕೆ ಮುಚ್ಚಿ ಉಳಿಸಿದ್ದಕ್ಕಿಂತ ಹೆಚ್ಚು."

ಪಾಟಣಕರ್ ಬೆರಳಿನಿಂದ ಗೆರೆಯನ್ನು ಹಿಂಬಾಲಿಸಿದರು. "ಆ ಇಡೀ ಮಾಲು ಹೋಯಿತೇ?" ಎಂದು ಕೇಳಿದರು.

"ಇಡೀ ಮಾಲು."

ಫೋನು ಎತ್ತಿ ಖರೀದಿಯವರಿಗೆ ಹೇಳಿದರು. ಮೂರು ದರಪಟ್ಟಿಯ ಮಾತೇ ಬರಲಿಲ್ಲ. ಅದೇ ಸಂಜೆ ಟೆಂಪೋದಲ್ಲಿ ಫ್ಯಾನುಗಳು ಬಂದವು, ಮರುದಿನ ಬಾಗಿಲಿನ ಹಗ್ಗ ಬಂತು, ವಾರದೊಳಗೆ ಭಟ್ಟಿಯ ಗೋಡೆಗೆ ಹೊದಿಕೆ, ಚಾವಣಿಗೆ ಕಿಂಡಿ. ನನಗೆ ಖುಷಿಯಾಗಬೇಕಿತ್ತು. ಬದಲಿಗೆ ಮನೆಗೆ ಬಂದು ಚಪ್ಪಲಿ ಎಸೆದು, "ಮನಷ್ಯಾ ಬಿದ್ದ್ರ ಎಳನೀರು, ಗೇರ್ ಕೆಟ್ರ ಟೆಂಪೋ!" ಎಂದು ಗಂಡನ ಮೇಲೆ ಕೂಗಾಡಿದೆ. ಅವರು ಪಾಪ, ಬ್ಯಾಂಕಿನಿಂದ ಆಗಷ್ಟೇ ಬಂದು ಅವಲಕ್ಕಿ ಕಲಸುತ್ತಿದ್ದರು.

ಶರಣಪ್ಪ ಎರಡು ವಾರ ಮನೆಯಲ್ಲಿದ್ದು ವಾಪಸು ಬಂದ. ಮುಖ ಇಳಿದಿತ್ತು. ಭಟ್ಟಿಯ ಬಾಗಿಲಿನ ಸುತ್ತ ಹೊಸ ಬಿಳಿ ಹಗ್ಗವನ್ನು ಬೆರಳಿನಿಂದ ಮುಟ್ಟಿ ನೋಡಿ, ಫ್ಯಾನಿನ ಮುಂದೆ ತೋಳಗಲಿಸಿ ನಿಂತ. ನಾನು ಎಷ್ಟೋ ದಿನದಿಂದ ಹೇಳಬೇಕೆಂದಿದ್ದನ್ನು ಹೇಳಿದೆ: "ಶರಣಪ್ಪ, ಫ್ಯಾನ್ ಬರೂತನಕ ಆ ನಳಿಗಿ ತಗೀಬ್ಯಾಡ್ರಿ ಅಂತ ನಾ ಬರೀಬೇಕಾಗಿತ್ತು. ತಪ್ಪು ನಂದದ."

"ನಳಿಗಿ ಹಚ್ಚಿದಾಂವ ನಾನೇ ರೀ ಅಕ್ಕಾರ," ಎಂದ. "ಎಂಟೂ ನಾನೇ ಕೊರ್ದೀನಿ. ನೀವು ತಪ್ಪು ಅಂದ್ರ ನಂದೂ ತಪ್ಪಾತು. ಹೋಗ್ಲಿ ಬಿಡ್ರಿ. ಈಗ ಗಾಳಿ ಅದ."

ಮೇ ಕೊನೆಗೆ ಲೆಕ್ಕ ತೆಗೆದರೆ ಗೇರಿಗೆ ಇಷ್ಟು ಎಂಬ ವಿದ್ಯುತ್ತು ಆ ಕಂಪನಿ ಕೇಳಿದ್ದಕ್ಕಿಂತಲೂ ಕೆಳಗೆ ಇಳಿದಿತ್ತು. ಅಂಕಿಗಳನ್ನು ಮೂರು ಸಲ ಕೂಡಿದೆ. ನಿಜವಾಗಿಯೂ ಇಳಿದಿತ್ತು. ವರದಿ ಹೋಯಿತು, ಹೊರದೇಶದವರು ಮೆಚ್ಚಿದರು, ದೊಡ್ಡ ಆರ್ಡರು ಬಂತು. ಪಾಟಣಕರ್ ಶೆಡ್ಡಿಗೆಲ್ಲ ಪೇಡೆ ಹಂಚಿದರು. ಅದೇ ಉಸಿರಿನಲ್ಲಿ ನನ್ನನ್ನು ಕರೆದು ನಾಲ್ಕನೇ ಭಟ್ಟಿಗೆ ಜಾಗ ಗುರುತಿಸಿ ಕೊಡಲು ಹೇಳಿದರು. "ಕರೆಂಟು ಉಳಿದಿದೆಯಲ್ಲ ಮ್ಯಾಡಂ, ಇದೇ ಲೈನಿನಲ್ಲಿ ಇನ್ನೊಂದು ಭಟ್ಟಿ ಆರಾಮಾಗಿ ಓಡುತ್ತೆ!"

ನಾನು ಮನಸ್ಸಿನಲ್ಲೇ ಗುಣಿಸಿದೆ. ನಾಲ್ಕನೇ ಭಟ್ಟಿ ಶುರುವಾದರೆ ಕಾರ್ಖಾನೆಯ ಒಟ್ಟು ವಿದ್ಯುತ್ತು ನಾನು ಬರುವ ಮೊದಲು ಇದ್ದದ್ದಕ್ಕಿಂತ ಹೆಚ್ಚಾಗುತ್ತಿತ್ತು. ನಮ್ಮ ಮನೆಯಲ್ಲೂ ಆದದ್ದು ಇದೇ. ಕಡಿಮೆ ವಿದ್ಯುತ್ತು ತಿನ್ನುವ ಎ.ಸಿ.ಯನ್ನು ನಾನೇ ಆರಿಸಿ ತಂದಿದ್ದೆ. ಹಳೆಯದನ್ನು ರಾತ್ರಿ ಎರಡು ತಾಸು ಹಾಕುತ್ತಿದ್ದ ನನ್ನ ಗಂಡ ಹೊಸದನ್ನು ಬೆಳಗಿನ ತನಕ ಹಾಕುತ್ತಾರೆ. ಕೇಳಿದರೆ, "ಕಡಿಮಿ ತಿಂತದ ಅಂತ ನೀನ ಹೇಳಿದ್ಯಲ್ಲ" ಎನ್ನುತ್ತಾರೆ. ಎಲ್ಲ ದೇಶದವರೂ ಬೆಳೆಯಬೇಕು, ಬೆಳೆಯುತ್ತಲೇ ಕಡಿಮೆ ಸುಡಬೇಕು ಎಂದು ದೊಡ್ಡ ಸಭೆಗಳಲ್ಲಿ ಹೇಳುವುದನ್ನು ಕೇಳುವಾಗೆಲ್ಲ ನನಗೆ ಪಾಟಣಕರ್ ಮತ್ತು ನನ್ನ ಗಂಡನ ಮುಖವೇ ಎದುರಿಗೆ ಬರುತ್ತದೆ.

ಹಾಗೆಂದು ನಾಲ್ಕನೇ ಭಟ್ಟಿ ಬೇಡ ಎನ್ನುವ ಬಾಯಿಯೂ ನನಗಿರಲಿಲ್ಲ. ಅದಕ್ಕೆ ಹೊಸದಾಗಿ ತೆಗೆದುಕೊಂಡವರಲ್ಲಿ ಶರಣಪ್ಪನ ಊರಿನವರು ನಾಲ್ವರಿದ್ದರು. ನಾಗಮ್ಮ ಸಿಮೆಂಟು ಹೊರುವುದು ಬಿಟ್ಟು ಇದೇ ಕಾರ್ಖಾನೆಯಲ್ಲಿ ಗೇರು ಒರೆಸಿ ಡಬ್ಬಿಗೆ ತುಂಬುವ ಕೆಲಸಕ್ಕೆ ಸೇರಿದಳು. ನೆರಳಿನಲ್ಲಿ ಕುಳಿತು ಮಾಡುವ ಕೆಲಸ ತನಗೆ ಇದೇ ಮೊದಲು ಎಂದು ಅವಳು ನನ್ನ ಮುಂದೆ ನಕ್ಕಳು. ಅವಳೆದುರು ನಿಂತು ಒಟ್ಟು ಮೀಟರು ಏರಿತು ಎಂದು ಗೊಣಗುವುದು ಹೇಗೆ? ಯಾವ ಕಡೆ ತಿರುಗಿದರೂ ಸಿಟ್ಟು ಮಾತ್ರ ಉಳಿಯುತ್ತಿತ್ತು, ಯಾರ ಮೇಲೆ ಎಂದು ಹೇಳಲಾಗದ ಸಿಟ್ಟು.

ಜೂನ್ ಎರಡನೇ ವಾರ ಮಳೆ ಹಿಡಿಯಿತು. ನನ್ನ ಕೊನೆಯ ದಿನ. ಸಾಮಾನು ಕಟ್ಟಿಕೊಂಡು ಹೇಳಿಹೋಗಲು ಭಟ್ಟಿಯ ಹತ್ತಿರ ಬಂದರೆ ಫ್ಯಾನುಗಳೆಲ್ಲ ನಿಂತಿದ್ದವು. ಶರಣಪ್ಪ ಮುಖದ ಬಟ್ಟೆ ಹಿಂಡುತ್ತಿದ್ದ. ಪಕ್ಕದಲ್ಲಿ ಪಾಟಣಕರ್ ಛತ್ರಿ ಹಿಡಿದು ಪ್ರಸನ್ನರಾಗಿ ನಿಂತಿದ್ದರು.

"ಮಳೆ ಬಂತಲ್ಲ ಮ್ಯಾಡಂ, ಏನು ತಂಪು! ಫ್ಯಾನು ಬಂದ್ ಮಾಡಿಸಿದೆ. ಇನ್ನಷ್ಟು ಉಳಿಯುತ್ತೆ. ನಿಮ್ಮಿಂದಲೇ ಕಲಿತದ್ದು."

ಭಟ್ಟಿಗೆ ಮಳೆ ಬಂದದ್ದು ಗೊತ್ತಾಗುವುದಿಲ್ಲ, ಒಂಬೈನೂರು ಡಿಗ್ರಿ ಜೂನಿನಲ್ಲೂ ಒಂಬೈನೂರು ಡಿಗ್ರಿಯೇ ಎಂದು ಗ್ರಾಫ್ ಬಿಡಿಸಿ ತೋರಿಸಬಹುದಿತ್ತು. ಅದಕ್ಕೆ ಮೂರು ದಿನ ಬೇಕು, ಅವರು ಓದಲು ಮೂರು ವಾರ.

ಅವರ ಕೈಯಿಂದ ಛತ್ರಿ ತೆಗೆದುಕೊಂಡೆ. "ಸರ್, ಒಂದು ನಿಮಿಷ ಇಲ್ಲಿ ಬನ್ನಿ. ಶರಣಪ್ಪ ನಿಲ್ಲುವ ಜಾಗದಲ್ಲಿ ನಿಲ್ಲಿ. ಅವರು ಮೂರು ಟ್ರೇ ತೆಗೆಯುವವರೆಗೆ ಮಾತ್ರ."

"ಅರೇ, ನಾನು ಇಪ್ಪತ್ತು ವರ್ಷದಿಂದ ಈ ಶೆಡ್ಡಿನಲ್ಲಿ..." ಎನ್ನುತ್ತ, ಕೆಲಸಗಾರರೆಲ್ಲ ನೋಡುತ್ತಿದ್ದುದರಿಂದ ನಗುತ್ತಲೇ ಬಂದು ನಿಂತರು. ಕದಂ ಓಡಿಬಂದು ಕಣ್ಣಿನ ಕನ್ನಡಕ, ಕೈಗವಸು ಕೊಟ್ಟರು. ಶರಣಪ್ಪ ನನ್ನ ಮುಖ ನೋಡಿದ. ನಾನು ತಲೆಯಾಡಿಸಿದೆ. ಅವನು ಬಾಗಿಲು ಎತ್ತಿದ.

ಪಾಟಣಕರ್ ನಗು ಅಲ್ಲಿಗೇ ನಿಂತಿತು. ಬಿಳಿ ಅಂಗಿಯ ಮೇಲೆ ಕೆಂಪು ಬೆಳಕು ಬಿತ್ತು. ಅವರು ಮುಖ ತಿರುಗಿಸಿದರು, ಕೈ ಅಡ್ಡ ಹಿಡಿದರು, ಒಂದು ಹೆಜ್ಜೆ ಹಿಂದೆ ಇಟ್ಟರು. ಶರಣಪ್ಪ ಅವಸರ ಮಾಡಲಿಲ್ಲ. ದಿನವೂ ಮಾಡುವ ಹಾಗೆಯೇ ಕೊಕ್ಕೆ ಹಾಕಿ, ಎಳೆದು, ತಿರುಗಿ, ಎಣ್ಣೆಗೆ ಇಳಿಸಿದ. ಹೊಗೆ ಎದ್ದಿತು. ಪಾಟಣಕರ್ ಕನ್ನಡಕ ತೆಗೆಯುತ್ತ, "ಬಸ್, ಬಸ್, ಕಳಲಂ", ಸಾಕು, ಗೊತ್ತಾಯಿತು ಎಂದು ಹೊರಟರು.

ಶರಣಪ್ಪ ಕೊಕ್ಕೆಯನ್ನು ಮತ್ತೆ ಒಳಗೆ ಚಾಚಿ, ತಿರುಗಿ ನೋಡದೆ, ತನ್ನ ಹರಕು ಮರಾಠಿಯಲ್ಲಿ ಬಹಳ ಮರ್ಯಾದೆಯಿಂದ ಹೇಳಿದ:

"ಥಾಂಬಾ ಸಾಹೇಬ. ಅಜೂನ್ ದೋನ್ ಆಹೇತ್."

ನಿಲ್ಲಿ ಸಾಹೇಬರೇ, ಇನ್ನೂ ಎರಡಿವೆ. ಪಾಟಣಕರ್ ಅವನ ಬೆನ್ನನ್ನು ನೋಡುತ್ತ ಒಂದು ಕ್ಷಣ ನಿಂತರು. ಆಮೇಲೆ ಕನ್ನಡಕವನ್ನು ಮತ್ತೆ ಹಾಕಿಕೊಂಡು ಇದ್ದಲ್ಲಿಗೇ ಬಂದು, ಎರಡನೇ ಟ್ರೇಗೂ ನಿಂತರು, ಮೂರನೆಯದಕ್ಕೂ ನಿಂತರು. ಬಾಗಿಲು ಮುಚ್ಚಿದ ಮೇಲೆ, ಬೆವರಿನಿಂದ ತೊಯ್ದ ಅಂಗಿಯಲ್ಲಿ, ಯಾರಿಗೂ ಒಂದು ಮಾತು ಹೇಳದೆ ಗೋಡೆಯ ಹತ್ತಿರ ನಡೆದು ಹೋಗಿ ಎಂಟೂ ಫ್ಯಾನಿನ ಸ್ವಿಚ್ಚುಗಳನ್ನು ತಾವೇ ಒಂದೊಂದಾಗಿ ಒತ್ತಿದರು.